ಸ್ಟೂಲಿನ ಅಡಿಯ ನಂಬರು

ಜನವರಿ 6, ಸೋಮವಾರ

ಹದಿನಾಲ್ಕು ವರ್ಷ ಸೋಪು ಮಾರಿದವಳು ಇವತ್ತಿನಿಂದ ಸ್ಟೂಲು ಮಾರುತ್ತೇನೆ. "ಲೋಕದವರೆಲ್ಲ ಏಣಿ ಹತ್ತಿದ್ರೆ ನೀನು ಸ್ಟೂಲಿಗೆ ಇಳಿದೆಯಲ್ಲೇ" ಎಂದು ಅತ್ತೆ ಬೆಳಿಗ್ಗೆಯೇ ಶುರು ಮಾಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅತ್ತೆಗೆ ಉತ್ತರ ಕೊಡುತ್ತಾ ಕೂತರೆ ಮೊದಲ ದಿನವೇ ತಡವಾಗುತ್ತದೆ.

ಕಂಪನಿಗೆ ಆರು ವರ್ಷ ವಯಸ್ಸು, ನಲವತ್ತು ಜನ ಕೆಲಸಗಾರರು. ಕೆಳಗೆ ಕಾರ್ಖಾನೆ, ಮೇಲೆ ಕಚೇರಿ. ಕೆಳಗೆ ಡ್ರಿಲ್ ಶುರುವಾದರೆ ಮೇಲೆ ನನ್ನ ಟೀ ಲೋಟದಲ್ಲಿ ಅಲೆ ಏಳುತ್ತದೆ. ಮಾಡುವುದು ಒಂದೇ ವಸ್ತು: ಎರಡು ಮೆಟ್ಟಿಲಿನ, ಮಡಚಿಡಬಹುದಾದ, ಜಾರದ ಸ್ಟೂಲು. ಮಾಲೀಕನಿಗೆ ಎಲ್ಲರೂ ಎಂಜಿನಿಯರ್ ಎನ್ನುತ್ತಾರೆ. ಅವನ ತಾಯಿ ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಹೋಗಿ ಕುರ್ಚಿಯಿಂದ ಬಿದ್ದು ಸೊಂಟ ಮುರಿದುಕೊಂಡರಂತೆ. ಆಮೇಲೆ ಇದ್ದ ಕೆಲಸ ಬಿಟ್ಟು ಈ ಸ್ಟೂಲಿನ ಹಿಂದೆ ಬಿದ್ದನಂತೆ. ನನಗಿಂತ ಎಂಟು ವರ್ಷ ಚಿಕ್ಕವನು. ಎದುರಿಗೆ 'ಸರ್' ಎನ್ನುತ್ತೇನೆ. ಈ ಪುಸ್ತಕದಲ್ಲಿ 'ಅವನು' ಸಾಕು.

ತಿಂಗಳಿಗೆ ಒಂಬೈನೂರು ಸ್ಟೂಲು ಹೋಗುತ್ತವೆ. ಮಾರ್ಚ್ ತಿಂಗಳಲ್ಲಿ ಅದು ಸಾವಿರದ ಇನ್ನೂರು ಆಗಬೇಕು. ಮಾರ್ಚ್ 31ಕ್ಕೆ ಬಂಡವಾಳ ಹಾಕಿದವರು ಬಂದು ನೋಡುತ್ತಾರೆ. ಆಗಿರದಿದ್ದರೆ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟು ನನ್ನ ವಿಭಾಗ ಮುಚ್ಚುತ್ತಾರೆ. ಇದನ್ನು ಹೇಳುವಾಗ ಎಂಜಿನಿಯರ್ ಮೇಜಿನ ಮೇಲಿನ ಸ್ಕ್ರೂ ಒಂದನ್ನು ತಿರುಗಿಸುತ್ತಿದ್ದ. "ಸಾವಿರದ ಇನ್ನೂರು ಯಾಕೆ ಸರ್, ಸಾವಿರದ ಐನೂರು ಅಂತಾನೇ ಬರ್ಕೊಳ್ಳಿ" ಎಂದೆ. ಪಾಪ, ನಿಜವಾಗಿಯೂ ಬರೆದುಕೊಂಡ.

ಇಲ್ಲಿ ಮಾರ್ಕೆಟಿಂಗ್ ಎಂಬುದೇ ಇಲ್ಲ. ನಾನೇ ಮೊದಲು. ಇರುವುದು ಮೂಲೆಯಲ್ಲೊಂದು ಫೋನು, ಅದರ ಹಿಂದೆ ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಫೋನಕ್ಕ ಎನ್ನುತ್ತಾರೆ. ಒಂಬೈನೂರರಲ್ಲಿ ನಾನೂರು ಆರ್ಡರು ಈ ಫೋನಿನಿಂದಲೇ ಬರುತ್ತವಂತೆ, ಉಳಿದವು ಅಂಗಡಿ ಮತ್ತು ವೆಬ್‌ಸೈಟಿನಿಂದ. ಇಡೀ ದಿನ ಫೋನು ಹೊಡೆದುಕೊಳ್ಳುತ್ತದೆ, ಇಡೀ ದಿನ ಆ ಹೆಂಗಸಿನದು ಒಂದೇ ಪ್ರಶ್ನೆ: "ಯಾರ ಮನೇಲಿ ನೋಡಿದ್ರಿ?" ಆಮೇಲೆ ಹತ್ತು ನಿಮಿಷ ಹರಟೆ. ಸಂಜೆ ನನ್ನ ಮೇಜಿನ ಮೇಲೆ ನೋಟ್‌ಪುಸ್ತಕಗಳ ಕಟ್ಟೊಂದನ್ನು ತಂದಿಟ್ಟು, "ಆರು ವರ್ಷದ್ದು ಇದರಲ್ಲಿದೆ ಮೇಡಂ, ನಿಮಗೆ ಬೇಕಾಗಬಹುದು" ಎಂದರು. ಶಾಲೆ ಮಕ್ಕಳ ಹಾಗೆ ಕಂದು ಕಾಗದದ ಹೊದಿಕೆ ಬೇರೆ ಹಾಕಿದ್ದಾರೆ. "ಇರಲಿ, ಆಮೇಲೆ ನೋಡ್ತೀನಿ" ಎಂದು ವಾಪಸು ಕೊಟ್ಟೆ.

ಬಾಗಿಲಿಗೆ ಹಲಗೆ ಮಾಡಿಸಲು ಹೇಳಿ ಬಂದೆ: 'ಮಾರ್ಕೆಟಿಂಗ್ ವಿಭಾಗ, ಮುಖ್ಯಸ್ಥೆ'. ವಿಭಾಗದಲ್ಲಿ ಸದ್ಯಕ್ಕೆ ನಾನೊಬ್ಬಳೇ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವವರು ಎನ್ನಲಿ.

ಜನವರಿ 9, ಗುರುವಾರ

ಇವತ್ತು ಕೆಳಗಿಳಿದು ಕಾರ್ಖಾನೆ ನೋಡಿದೆ. ಕೊನೆಯ ಮೇಜಿನ ಬಳಿ ಮೇಸ್ತ್ರಿ ಇರುತ್ತಾರೆ. ತೊಂಬತ್ತು ಕೆಜಿಯ ಆಳು. ತಯಾರಾದ ಪ್ರತಿಯೊಂದು ಸ್ಟೂಲಿನ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸುತ್ತಾರೆ. ದಿನಕ್ಕೆ ನಲವತ್ತು ಸ್ಟೂಲು, ಎಂಬತ್ತು ಕುಪ್ಪಳಿಕೆ. ಕಂಪನಿಯ ಪರೀಕ್ಷಾ ಯಂತ್ರ ಇವರೇ.

ಅಲ್ಲಿಯವರೆಗೆ ಚೆನ್ನಾಗಿತ್ತು. ಇಳಿದ ಮೇಲೆ ಸ್ಟೂಲನ್ನು ತಲೆಕೆಳಗು ಮಾಡಿ, ಜೇಬಿನಿಂದ ದಪ್ಪ ಕಪ್ಪು ಮಾರ್ಕರ್ ತೆಗೆದು, ಅಡಿಯಲ್ಲಿ ನಮ್ಮ ಫೋನ್ ನಂಬರ್ ಗೀಚಿದರು. ಏಳು ಎಂಬುದು ಊರುಗೋಲಿನ ಹಾಗೆ ಬಾಗಿತ್ತು.

"ಇದೇನು ಮೇಸ್ತ್ರಿ?"

"ನಂಬರು ಮೇಡಂ."

"ಅದು ಕಾಣ್ತಿದೆ. ಯಾಕೆ ಅಂತ?"

"ನಾನು ಹತ್ತಿ ನೋಡಿದ್ದೀನಿ ಅಂತ ಗುರುತು. ಏನಾದ್ರೂ ಆದ್ರೆ ಫೋನ್ ಮಾಡ್ಲಿ ಅಂತ. ಮಡಚಬೇಕಾದ್ರೆ ತಿರುಗಿಸ್ಲೇಬೇಕಲ್ವಾ, ಆಗ ಕಣ್ಣಿಗೆ ಬೀಳುತ್ತೆ."

ನನ್ನ ಹಳೆಯ ಕಂಪನಿಯಲ್ಲಿ ಸೋಪಿನ ಹೊದಿಕೆಯ ಒಂದು ಮೂಲೆಯ ಬಣ್ಣಕ್ಕೆ ಮೂರು ಮೀಟಿಂಗ್ ನಡೆಯುತ್ತಿತ್ತು. ಇಲ್ಲಿ ಆರು ವರ್ಷದಿಂದ ಲಾರಿಗೆ ಹಾಕುವ ಮೂಟೆಯ ಮೇಲೆ ಬರೆದ ಹಾಗೆ ಬರೆದು ಕಳಿಸಿದ್ದಾರೆ. ಮೊದಲ ಕೆಲಸ ಯಾವುದು ಎಂದು ಗೊತ್ತಾಯಿತು.

ಜನವರಿ 22, ಬುಧವಾರ

ಇಬ್ಬರು ಸಿಕ್ಕರು. ಒಬ್ಬ ಚಿತ್ರಗಾರ; ಪತ್ರಿಕೆಯೊಂದರಲ್ಲಿ ಭದ್ರವಾಗಿ ಕೂತಿದ್ದವನು. ಅವನ ಹೆಂಡತಿಗೆ ಈಗ ಆರು ತಿಂಗಳು. ಇನ್ನೊಬ್ಬಳು ಬ್ಯಾಂಕಿನಿಂದ ಬಂದವಳು, ಅಂಕಿಅಂಶ ಬಿಟ್ಟು ಬೇರೆ ಮಾತಾಡುವುದಿಲ್ಲ. ಮೊದಲ ದಿನವೇ ಅಂಕಿಯಮ್ಮ ಎಂದು ಹೆಸರು ಬಿತ್ತು. ಇಬ್ಬರೂ ನನ್ನ ಮಾತು ನಂಬಿ ಬಂದಿದ್ದಾರೆ. ನನ್ನ ಮಾತು ನಂಬಬಹುದಾದ್ದೇ.

ಹೊಸ ಲೇಬಲ್ ಸಿದ್ಧವಾಗಿದೆ. ಕಡು ಹಸಿರು ವೃತ್ತ, ನಡುವೆ ಎರಡು ಮೆಟ್ಟಿಲಿನ ಗುರುತು, ಕೆಳಗೆ ಕ್ಯೂಆರ್ ಕೋಡ್. ನೋಡಿದರೆ ಕಣ್ಣು ತಂಪಾಗುತ್ತದೆ. ಎಲ್ಲರಿಗೂ ತೋರಿಸಿದೆ. ಎಂಜಿನಿಯರ್ "ವಿದೇಶದ್ದು ಅನ್ನಿಸುತ್ತೆ" ಎಂದ. ಫೋನಿನ ಹೆಂಗಸು ಮಾತ್ರ ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ, "ನಂಬರ್ ಎಲ್ಲಿ ಮೇಡಂ?" ಎಂದರು.

"ಎಲ್ಲಾ ಕೋಡ್ ಒಳಗೇ ಇದೆ."

"ಒಳಗಿದ್ರೆ ಹೊರಗಿನವರಿಗೆ ಹೇಗೆ ಕಾಣುತ್ತೆ?"

ಚಿತ್ರಗಾರ ನಕ್ಕ. ನಾನೂ ನಕ್ಕೆ. ಹಳೆಯ ತಲೆಗೆ ಹೊಸದು ಇಳಿಯಲು ಸ್ವಲ್ಪ ಕಾಲ ಬೇಕು, ಬಯ್ಯಬಾರದು.

ಫೆಬ್ರವರಿ 3, ಸೋಮವಾರ

ಹೊಸ ಲೇಬಲಿನ ಮೊದಲ ಸ್ಟೂಲುಗಳು ಹೊರಬಿದ್ದವು. ಮೇಸ್ತ್ರಿ ಅಭ್ಯಾಸಬಲದಿಂದ ಮಾರ್ಕರಿನ ಮುಚ್ಚಳ ತೆಗೆದು ನಿಂತಿದ್ದರು. ನಾನೇ ಅದನ್ನು ಕೈಯಿಂದ ತೆಗೆದುಕೊಂಡು ಬಂದು ನನ್ನ ಡ್ರಾಯರಿನಲ್ಲಿ ಹಾಕಿದೆ. ಮಗುವಿನಿಂದ ಆಟಿಕೆ ಕಿತ್ತುಕೊಂಡವರನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ನೋಡಲಿ. ಬದಲಾವಣೆ ತರುವವರಿಗೆ ಇದೆಲ್ಲ ಇದ್ದದ್ದೇ.

ಮನೆಗೂ ಒಂದು ತಂದೆ. ಅತ್ತೆಗೆ ಹೇಗೆ ಹತ್ತಬೇಕು, ಹೇಗೆ ಮಡಚಬೇಕು ಎಂದು ವಿವರಿಸಲು ಹೋದೆ. "ನೀನು ತೊಟ್ಟಿಲಲ್ಲಿದ್ದಾಗಲೇ ನಾನು ಹತ್ತಿ ಇಳಿದಿದ್ದೀನಿ, ಸರಿ ಆಚೆ" ಎಂದರು. ಸಂಜೆಯ ಹೊತ್ತಿಗೆ ನಮ್ಮ ಕಟ್ಟಡದ ಅರ್ಧ ಹೆಂಗಸರು ಬಂದು ಅದರ ಮೇಲೆ ನಿಂತು ಹೋಗಿದ್ದರು. ಹೊಗಳಿಕೆಯ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಅತ್ತೆಯ ಬಾಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಬಂದರೆ ಅವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ.

ಫೆಬ್ರವರಿ 13, ಗುರುವಾರ

ಕಚೇರಿ ಎಷ್ಟು ನೆಮ್ಮದಿಯಾಗಿದೆ ಈಗ! ಮೊದಲು ಆ ಫೋನಿನ ಗದ್ದಲದಲ್ಲಿ ಯೋಚನೆ ಮಾಡಲೂ ಆಗುತ್ತಿರಲಿಲ್ಲ. ಫೋನಕ್ಕ ಬಂದು "ಫೋನು ಕಮ್ಮಿ ಆಗ್ತಾ ಇದೆ ಮೇಡಂ, ಒಂಚೂರು ನೋಡಿ" ಎಂದರು. "ಜನ ವೆಬ್‌ಸೈಟಿಗೆ ಹೋಗ್ತಿದ್ದಾರೆ. ಒಳ್ಳೇದೇ ಅಲ್ವಾ, ನಿಮಗೂ ಸ್ವಲ್ಪ ವಿಶ್ರಾಂತಿ" ಎಂದೆ. ಅವರು ಇನ್ನೇನೋ ಹೇಳುವವರಿದ್ದರು, ಅಷ್ಟರಲ್ಲಿ ವಿಡಿಯೊ ಮಾಡುವವರು ಬಂದರು.

ಊಟದ ಹೊತ್ತಿನಲ್ಲಿ ಅತ್ತೆಯದೂ ಅದೇ ರಾಗ. "ಕೆಳಗಿನ ಮನೆಯವಳು ಸ್ಟೂಲಿನ ನಂಬರ್ ಕೇಳ್ತಿದ್ಲು." "ಕೋಡ್ ಇದೆಯಲ್ಲ ಅತ್ತೆ" ಎಂದು ಕೈ ತೊಳೆದೆ.

ವಿಡಿಯೊ ಅದ್ಭುತವಾಗಿ ಬಂದಿದೆ.

ಫೆಬ್ರವರಿ 28, ಶುಕ್ರವಾರ

ಅಂಗಡಿ ಮತ್ತು ವೆಬ್‌ಸೈಟಿನ ಮಾರಾಟ ಐನೂರರಿಂದ ಐನೂರ ಅರವತ್ತಕ್ಕೆ ಏರಿದೆ! ಒಂದೇ ತಿಂಗಳಿನ ಕೆಲಸ. ಎಲ್ಲರಿಗೂ ಕೇಕು ಹಂಚಿದೆ.

ಒಟ್ಟು ಎಂಟುನೂರ ಮೂವತ್ತಕ್ಕೆ ಇಳಿದಿದೆ ಎಂದು ಅಂಕಿಯಮ್ಮ ಕೇಕು ತಿನ್ನುತ್ತಲೇ ಹೇಳಿದಳು. ಫೆಬ್ರವರಿ ಚಿಕ್ಕ ತಿಂಗಳು. ಇದು ಕೊಳ್ಳುವ ಕಾಲವೂ ಅಲ್ಲ. ಹವಾಮಾನ ಬದಲಾಗುವಾಗ ಜನ ಇಂಥದ್ದಕ್ಕೆ ಕೈಹಾಕುವುದಿಲ್ಲ. ಇದನ್ನೇ ಮನೆಯಲ್ಲಿ ಇವರಿಗೆ ವಿವರಿಸುತ್ತಿದ್ದೆ. ಇವರು ಶಾಲೆಯಲ್ಲಿ ಗಣಿತ ಹೇಳುವವರು, ತಲೆ ಎತ್ತದೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಯಾರಿಗೆ ಹೇಳಿದರೋ. ಟಿವಿ ನೋಡುತ್ತಿದ್ದರು ಎಂದುಕೊಂಡಿದ್ದೇನೆ.

ಮಾರ್ಚ್ 4, ಮಂಗಳವಾರ

ಎಂಜಿನಿಯರ್ ಕರೆಸಿದ. ಖರ್ಚು ಏರುತ್ತಿದೆ, ಮಾರಾಟ ಏರುತ್ತಿಲ್ಲ, ಏನು ಮಾಡೋಣ ಎಂದ. ನಾನು ಸಿದ್ಧವಾಗಿಯೇ ಹೋಗಿದ್ದೆ. ದಿನಕ್ಕೆ ನಲವತ್ತು ಬರುತ್ತಿದ್ದ ಕರೆ ಈಗ ಹದಿನೆಂಟಕ್ಕೆ ಬಂದಿದೆ, ಅದಕ್ಕಾಗಿ ಒಬ್ಬರನ್ನು ಕೂರಿಸಬೇಕಾಗಿಲ್ಲ, ರೆಕಾರ್ಡ್ ಮಾಡಿದ ದನಿ ಹಾಕಿದರೆ ಸಾಕು ಎಂದೆ. ಅವನು ಮೇಜಿನ ಮೇಲಿನ ಸ್ಕ್ರೂ ತಿರುಗಿಸತೊಡಗಿದ.

"ಕಂಪನಿಗೆ ಮೊದಲು ಸೇರಿದವರೇ ಅಕ್ಕ. ಆಗ ಸಂಬಳ ಕೊಡೋಕೂ ಆಗ್ತಿರಲಿಲ್ಲ."

"ಭಾವನೆಯಿಂದ ಕಂಪನಿ ಬೆಳೆಯಲ್ಲ ಸರ್."

"ಸರಿ. ಹಾಗಾದ್ರೆ ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಹೇಳುತ್ತೇನೆ. ಇದರಲ್ಲೇನಿದೆ.

ಮಾರ್ಚ್ 7, ಶುಕ್ರವಾರ

ಇವತ್ತು ಹೇಳಲಾಗಲಿಲ್ಲ. ಮೀಟಿಂಗುಗಳಿದ್ದವು.

ಮಾರ್ಚ್ 10, ಸೋಮವಾರ

ಹೇಳಲೆಂದೇ ಫೋನಕ್ಕನ ಮೇಜಿನ ಬಳಿ ಹೋದೆ. ಹಳದಿ ನೂಲಿನಲ್ಲಿ ಏನೋ ಹೆಣೆಯುತ್ತಿದ್ದರು. "ಯಾರಿಗೆ?" ಎಂದೆ. "ಚಿತ್ರಗಾರನ ಮಗೂಗೆ. ಫೋನ್ ಬರಲ್ಲ, ಸುಮ್ನೆ ಕೂತು ಸಂಬಳ ತಗೊಳ್ಳೋಕೆ ನಾಚಿಕೆ ಆಗುತ್ತೆ ಮೇಡಂ, ಕೈಯಾದ್ರೂ ಆಡ್ಲಿ ಅಂತ."

ವಾಪಸು ಬಂದೆ.

ಮಾರ್ಚ್ 12, ಬುಧವಾರ

ಹೇಳಿದೆ. ತಿಂಗಳ ಕೊನೆಯವರೆಗೆ ಇರಬಹುದು ಎಂದೆ. ಅಳುತ್ತಾರೆ ಎಂದುಕೊಂಡಿದ್ದೆ, ಜಗಳವಾಡಿದರೆ ಏನು ಹೇಳಬೇಕೆಂದೂ ಯೋಚಿಸಿದ್ದೆ. ಎರಡೂ ಮಾಡಲಿಲ್ಲ. ಸೂಜಿಗಳನ್ನು ನೂಲಿನ ಉಂಡೆಗೆ ಚುಚ್ಚಿಟ್ಟು, ಕೆಳಗಿನ ಖಾನೆಯಿಂದ ಆ ನೋಟ್‌ಪುಸ್ತಕಗಳ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಹನ್ನೊಂದು ಪುಸ್ತಕ. "ಮೊದಲ ದಿನವೇ ಕೊಟ್ಟಿದ್ದೆ. ಇನ್ನು ನಿಮ್ಮ ಹತ್ರಾನೇ ಇರ್ಲಿ ಮೇಡಂ. ನಾನು ಹೋದ ಮೇಲೆ ಯಾರಾದ್ರೂ ರದ್ದಿಗೆ ಹಾಕಿಬಿಟ್ರೆ ಸಂಕಟ ಆಗುತ್ತೆ."

ಸರಿಯಾದ ಕೆಲಸವನ್ನೇ ಮಾಡಿದ್ದೇನೆ. ಪುಸ್ತಕಗಳನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಹತ್ತು ಗಂಟೆ. ಕೆಳಗಿನ ಮನೆಯವಳು ತನ್ನ ಅಣ್ಣನ ಹೆಂಡತಿಯನ್ನು ಕರೆದುಕೊಂಡು ಬಂದಿದ್ದಳು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ, ಬಾಗಿಲು ತೆರೆದಿತ್ತು. ಅತ್ತೆ ಸ್ಟೂಲನ್ನು ಹಾಲಿನ ನಡುವೆ ಇಟ್ಟು, ಹತ್ತಿ, ಇಳಿದು, ತೋರಿಸಿದರು. ಆ ಹೆಂಗಸು ಮೊದಲು ಮಾಡಿದ ಕೆಲಸ, ಅದನ್ನು ಎತ್ತಿ ತಲೆಕೆಳಗು ಮಾಡಿದ್ದು. ಅಡಿಯನ್ನು ಸವರಿ ನೋಡಿದಳು.

"ಎಲ್ಲಿ ಸಿಗುತ್ತೆ ಅಂತ ಬರೆದೇ ಇಲ್ವಲ್ಲ."

"ನೋಡಮ್ಮಾ, ನನ್ನ ಕೇಳಿದೋರಲ್ಲಿ ನೀನು ಆರನೆಯವಳು" ಎಂದರು ಅತ್ತೆ. ಆಮೇಲೆ ನನಗೆ ಕೇಳಲೆಂದೇ ದನಿ ಏರಿಸಿದರು. "ನನ್ನ ತಂಗಿ ಮನೇಲಿ ಇದೇ ಸ್ಟೂಲು ಹೋದ ವರ್ಷದ್ದಿದೆ. ಅಡಿಯಲ್ಲಿ ಇಷ್ಟು ದಪ್ಪ ನಂಬರು. ನಮ್ಮದರಲ್ಲಿ ಇರುವೆಗಳು ಸಾಲು ತಪ್ಪಿ ಓಡಿದ ಹಾಗೆ ಒಂದು ಚೌಕ. ಯಾವ ಮಹಾರಾಯರು ಮಾಡಿದ್ರೋ!"

ಬಟ್ಟೆ ಹಿಡಿದುಕೊಂಡೇ ಮಂಚದ ಮೇಲೆ ಕೂತುಬಿಟ್ಟೆ. ತಿರುಗಿಸಿ ನೋಡಿದಳು. ಏನನ್ನೂ ಕೇಳುವ ಮುಂಚೆ ತಿರುಗಿಸಿ ನೋಡಿದಳು.

ಅವರು ಹೋದ ಮೇಲೆ ಚೀಲದಲ್ಲಿದ್ದ ಹನ್ನೊಂದು ಪುಸ್ತಕ ತೆಗೆದೆ. ಊಟಕ್ಕೂ ಏಳದೆ ಸಂಜೆಯವರೆಗೆ ಓದಿದೆ. ಪ್ರತಿ ಪುಟದಲ್ಲೂ ನಾಲ್ಕು ಅಂಕಣ ಎಳೆದಿದ್ದಾರೆ: ಯಾರು, ಎಷ್ಟು, ಯಾಕೆ, ನೋಡಿದ್ದು ಎಲ್ಲಿ. ಆ ಕೊನೆಯ ಅಂಕಣ ಓದುತ್ತಾ ಹೋದೆ. ನಾದಿನಿ ಮನೆಯಲ್ಲಿ. ದವಾಖಾನೆಯ ನರ್ಸ್ ಹತ್ತಿರ. ಗೋಡೆಗೆ ಬಣ್ಣ ಹೊಡೆಯಲು ಬಂದವನ ಹತ್ತಿರ. ಮಾತು ಬಿಟ್ಟಿರುವ ಓರಗಿತ್ತಿಯ ಮನೆಯಲ್ಲಿ, ಅವಳಿಗೆ ಗೊತ್ತಾಗದ ಹಾಗೆ ತಿರುಗಿಸಿ ನಂಬರ್ ಬರೆದುಕೊಂಡದ್ದು. ಗ್ರಂಥಾಲಯದಲ್ಲಿ. ಗೃಹಪ್ರವೇಶಕ್ಕೆ ಹೋದಾಗ. ಒಂದು ಮನೆಯಿಂದ ಇನ್ನೊಂದು, ಅದರಿಂದ ಮೂರು, ಆ ಮೂರರಿಂದ ಎಂಟು. ಕೆಲವೆಡೆ ಗೆರೆ ಎಳೆದು ಜೋಡಿಸಿದ್ದಾರೆ ಕೂಡ. ನಾನು ಹದಿನಾಲ್ಕು ವರ್ಷದಲ್ಲಿ ಯಾವ ಕಂಪನಿಯಲ್ಲೂ ಇಂಥದ್ದನ್ನು ನೋಡಿಲ್ಲ. ಕೊಟ್ಟರೂ ನೋಡಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ. ಇಲ್ಲಿ ಗಿಡವನ್ನೇ ಕಿತ್ತೆಸೆದು, ಅಲ್ಲಿ ಹಸಿರು ವೃತ್ತ ಅಂಟಿಸಿದವಳು ನಾನು. ನಾಚಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗಬಹುದೆಂದು ಬರೆದೆ, ಆಗಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಹೋದ ಕೂಡಲೇ ಅಂಕಿಯಮ್ಮನಿಗೆ ಲೆಕ್ಕ ತೆಗೆಯಲು ಹೇಳಿದೆ. ಹೊಸ ಲೇಬಲಿನ ಸ್ಟೂಲು ಇಲ್ಲಿಯವರೆಗೆ ಸಾವಿರದ ಇನ್ನೂರು ಹೋಗಿವೆ. ಕೋಡ್ ತೆರೆದು ನೋಡಿದವರು ನಲವತ್ತೊಂದು. ಕೊಂಡವರು ಮೂರು. ಅವಳು ಹೇಳಿ ಮುಗಿಸಿ, "ಮೇಡಂ, ಇದನ್ನ ವರದಿಯಲ್ಲಿ ಹಾಕಲೇಬೇಕು ಅಂತೇನಿಲ್ಲ. ಯಾರೂ ಕೇಳಲ್ಲ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅವಳ ಕೆಲಸವೂ ಇದರ ಮೇಲೆಯೇ ನಿಂತಿದೆ.

ಮಧ್ಯಾಹ್ನದವರೆಗೆ ನಾನೂ ಅದನ್ನೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಹವಾಮಾನದ ಕತೆ ಗಟ್ಟಿಯಾಗಿದೆ. ಹಸಿರು ಬಣ್ಣದಲ್ಲಿ ಗ್ರಾಫ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ಒಳಗಿಂದೊಳಗೇ ನಂಬರ್ ಸೇರಿಸಿ ಹೊಸ ಲೇಬಲ್ ಮಾಡಿಸಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಫೋನಕ್ಕ ತಿಂಗಳ ಕೊನೆಗೆ ಮನೆಗೆ ಹೋಗಬೇಕಾಗುತ್ತದೆ. ನನ್ನ ತಪ್ಪಿಗೆ ಅವರು.

ಎದ್ದು ಅವರ ಮೇಜಿಗೆ ಹೋದೆ. ಕುರ್ಚಿ ಇರಲಿಲ್ಲ, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಎಲ್ಲ ಹೇಳಿದೆ. ಸೂಜಿ ನಿಲ್ಲಿಸದೆ ಕೇಳಿಸಿಕೊಂಡರು.

"ನನಗೊಂದು ಅರ್ಥವಾಗ್ತಿಲ್ಲ ಅಕ್ಕ. ಆರು ವರ್ಷದ ಸ್ಟೂಲುಗಳು ಜನರ ಮನೇಲಿ ಇವೆಯಲ್ಲ, ನಂಬರಿನ ಸಮೇತ. ಆದರೂ ಫೋನ್ ಯಾಕೆ ನಿಂತ್ಹೋಯ್ತು?"

"ಹೊಸದು ತಂದಾಗ ತಾನೇ ಬಂದವರಿಗೆಲ್ಲ ತೋರ್ಸೋದು? ಮೂರು ತಿಂಗಳಾದ್ರೆ ಅದೂ ಬಕೆಟ್ಟು ಪೊರಕೆ ಥರ ಮನೆ ಸಾಮಾನು. ಯಾರು ನೋಡ್ತಾರೆ?"

ಇದನ್ನು ಕಲಿಯಲು ಜನ ದೊಡ್ಡ ಕಾಲೇಜಿಗೆ ಹೋಗುತ್ತಾರೆ. ನಾನೂ ಹೋಗಿದ್ದೆ.

"ನೀವು ಯಾಕೆ ಬಿಡಿಸಿ ಹೇಳಲಿಲ್ಲ?" ಎಂದೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಹೇಳ್ತಾನೇ ಇದ್ದೆ ಮೇಡಂ. ನಿಮಗೆ ಪುರುಸೊತ್ತಿರಲಿಲ್ಲ."

ಅಲ್ಲಿಂದ ಎಂಜಿನಿಯರ್ ಹತ್ತಿರ ಹೋಗಿ ಅಷ್ಟನ್ನೂ ಇನ್ನೊಮ್ಮೆ ಹೇಳಿದೆ. ಫೋನಕ್ಕನನ್ನು ತೆಗೆಯುವ ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, 31ಕ್ಕೆ ಬಂಡವಾಳ ಹಾಕಿದವರ ಎದುರಿಗೆ ನಾನೇ ಮಾತಾಡುತ್ತೇನೆ ಎಂದೆ. ಅವನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ, "ಲೇಬಲ್ ನೋಡಿ ವಿದೇಶದ್ದು ಅಂದವನು ನಾನೇ ಅಲ್ವಾ" ಎಂದ. ಒಳ್ಳೆಯವನು.

ಮಾರ್ಚ್ 19, ಬುಧವಾರ

ಗೋಡೌನಿನಲ್ಲಿ ನಾನೂರ ಎಂಬತ್ತು ಸ್ಟೂಲುಗಳಿವೆ, ಎಲ್ಲದರ ಅಡಿಯಲ್ಲೂ ಬರೀ ಹಸಿರು ವೃತ್ತ. ಡ್ರಾಯರಿನಿಂದ ಮಾರ್ಕರ್ ತೆಗೆದುಕೊಂಡು ಕೆಳಗಿಳಿದು ಮೇಸ್ತ್ರಿಗೆ ವಾಪಸು ಕೊಟ್ಟೆ. ನಾವೂ ಬರೆಯುತ್ತೇವೆ, ನಾಲ್ಕು ಜನರಾದರೆ ಬೇಗ ಆಗುತ್ತದೆ ಎಂದೆ. ಮೇಸ್ತ್ರಿ ತಲೆಯಾಡಿಸಿದರು.

"ಹತ್ತಿ ನೋಡದೆ ನಂಬರ್ ಬರೆಯೋ ಹಾಗಿಲ್ಲ ಮೇಡಂ."

"ನೀವು ಆಗಲೇ ಹತ್ತಿದ್ದೀರಲ್ಲ!"

"ನಾನು ಹತ್ತಿದ್ರೆ ನಾನು ಬರೀತೀನಿ. ನೀವು ಬರೆಯೋದಾದ್ರೆ ನೀವು ಹತ್ತಿ."

ಹತ್ತಿದೆ. ಎರಡು ಸಲ ಕುಪ್ಪಳಿಸಿದೆ. ಇಡೀ ಕಾರ್ಖಾನೆ ಕೆಲಸ ನಿಲ್ಲಿಸಿ ನೋಡಿತು. ಇಳಿದು, ತಿರುಗಿಸಿ, ಬರೆದೆ. ನೂರ ಇಪ್ಪತ್ತು ನನ್ನ ಪಾಲಿಗೆ. ಚಿತ್ರಗಾರ ಸುಂದರವಾಗಿ ಬರೆಯಲು ಹೋಗಿ ಮೇಸ್ತ್ರಿಯಿಂದ ಬೈಸಿಕೊಂಡ: "ಚೆಂದ ಬೇಡಪ್ಪಾ, ಕನ್ನಡಕ ಇಲ್ಲದೋರಿಗೂ ಕಾಣ್ಬೇಕು." ಈಗ ಮೊಣಕಾಲು ನನ್ನದಲ್ಲ ಅನ್ನಿಸುತ್ತಿದೆ.

ಒಂದು ಮಾರ್ಕರ್ ಮನೆಗೂ ತಂದೆ. ಅತ್ತೆಯ ಸ್ಟೂಲಿನ ಮೇಲೆ ಹತ್ತಿ, ಕುಪ್ಪಳಿಸಿ, ತಿರುಗಿಸಿ ಬರೆದೆ. ಅತ್ತೆ ಬಗ್ಗಿ ನೋಡಿದರು. "ಕಾಗೆ ಕಾಲು, ಗುಬ್ಬಿ ಕಾಲು. ಇದಕ್ಕೆ ಇಷ್ಟು ಸಂಬಳವಾ?"

"ಅಲ್ಲ ಅತ್ತೆ, ನಿಮ್ಮನ್ನ ಕೇಳಿದ ಆರು ಜನ ಯಾರು ಯಾರು?" ಎಂದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಮುಕ್ಕಾಲು ಗಂಟೆ ಹೇಳಿದರು. ಅತ್ತೆಗೆ ಇಷ್ಟೊಂದು ಸ್ನೇಹಿತೆಯರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 26, ಬುಧವಾರ

ಐದು ದಿನದಿಂದ ಅಂಗಡಿ ಅಂಗಡಿ ಸುತ್ತುತ್ತಿದ್ದೇವೆ, ಅಲ್ಲಿರುವ ಸ್ಟೂಲುಗಳಿಗೂ ಬರೆಯಲು. ಅಂಗಡಿಯವರ ಎದುರಿಗೆ ಕುಪ್ಪಳಿಸುವುದು ಅಭ್ಯಾಸವಾಗಿದೆ. ಇವತ್ತು ಒಂದು ಕಡೆ ಬೇರೆಯವರ ಕುರ್ಚಿ, ಬಕೆಟ್ಟು, ಕೊನೆಗೆ ಒಂದು ಹೂಕುಂಡವನ್ನೂ ತಿರುಗಿಸಿ ನೋಡಿದೆ. ಅಂಗಡಿಯವನು "ಏನಾದ್ರೂ ಕಳೆದುಹೋಗಿದ್ಯಾ ಮೇಡಂ?" ಎಂದ.

ಮಾರ್ಚ್ 31, ಸೋಮವಾರ

ಬಂಡವಾಳ ಹಾಕಿದವರ ಕಡೆಯಿಂದ ಇಬ್ಬರು ಬಂದಿದ್ದರು. ಮಾತಾಡಿದ್ದು ಬೆಳ್ಳಿಕೂದಲಿನ ಒಬ್ಬ ಹೆಂಗಸು, ಇನ್ನೊಬ್ಬರು ಬರೆದುಕೊಂಡರು. ಫೋನಕ್ಕನನ್ನೂ ಮೇಸ್ತ್ರಿಯನ್ನೂ ಕರೆದು ಕೂರಿಸಿದ್ದೆ. ಗ್ರಾಫ್ ಇರಲಿಲ್ಲ. ಮೇಜಿನ ಮೇಲೆ ಎರಡು ಸ್ಟೂಲು, ಹನ್ನೊಂದು ನೋಟ್‌ಪುಸ್ತಕ.

"ಗುರಿ ಸಾವಿರದ ಇನ್ನೂರು. ಆಗಿದ್ದು ಏಳುನೂರ ತೊಂಬತ್ತು. ಕಾರಣ ಹವಾಮಾನ ಅಲ್ಲ, ನಾನು" ಎಂದು ಶುರು ಮಾಡಿದೆ. ತಪ್ಪನ್ನೂ ನಾನು ಗಟ್ಟಿ ದನಿಯಲ್ಲೇ ಹೇಳುವವಳು. ಎರಡೂ ಸ್ಟೂಲು ತಿರುಗಿಸಿ ತೋರಿಸಿದೆ. ಕರೆಗಳು ಹೇಗೆ ನಲವತ್ತರಿಂದ ಒಂಬತ್ತಕ್ಕೆ ಇಳಿದವು, ಮತ್ತೆ ಬರೆಯಲು ಶುರು ಮಾಡಿದ ಹನ್ನೆರಡು ದಿನಕ್ಕೆ ಹೇಗೆ ಹದಿನಾರಕ್ಕೆ ಬಂದಿವೆ ಎಂದು ಹೇಳಿದೆ.

ಆ ಹೆಂಗಸು ಕೇಳಿದರು: "ಇಷ್ಟು ಗೊತ್ತಾದ ಮೇಲೆ ನಿಮ್ಮ ವಿಭಾಗ ಯಾಕೆ ಬೇಕು? ಏಜೆನ್ಸಿಗೇ ಕೊಡಬಹುದಲ್ಲ?"

"ಕೊಡಿ. ಆದ್ರೆ ಮೊದಲು ಈ ಹನ್ನೊಂದು ಪುಸ್ತಕ ಅವರಿಗೆ ಓದಿಸಿ. ನನಗೆ ಇವನ್ನ ತೆರೆಯೋಕೇ ಎರಡು ತಿಂಗಳು ಹತ್ತು ದಿನ ಬೇಕಾಯ್ತು. ಇಲ್ಲಿ ಮಾರ್ಕೆಟಿಂಗ್ ವಿಭಾಗ ಆರು ವರ್ಷದಿಂದ ಇದೆ ಮೇಡಂ. ಕಟ್ಟಿದವರು ಇವರಿಬ್ಬರು. ನಾನು ಆಮೇಲೆ ಸೇರಿದ ಮೂರನೆಯವಳು. ಇವರಿಗೆ ಗೊತ್ತಿರೋದಕ್ಕೆ ನನಗೆ ಗೊತ್ತಿರೋದನ್ನ ಸೇರಿಸೋಕೆ ಮೂರು ತಿಂಗಳು ಕೊಡಿ."

ಮೇಸ್ತ್ರಿ ಚಾವಣಿ ನೋಡುತ್ತಿದ್ದರು. ಫೋನಕ್ಕನ ಕೈಯಲ್ಲಿ ಹಳದಿ ಟೊಪ್ಪಿಗೆ ಮುಗಿದಿತ್ತು, ಅದನ್ನೇ ಮಡಚುವುದು, ಬಿಚ್ಚುವುದು ಮಾಡುತ್ತಿದ್ದರು. ಬೆಳ್ಳಿಕೂದಲಿನ ಹೆಂಗಸು ಒಂದು ಪುಸ್ತಕ ತೆಗೆದು ಓದತೊಡಗಿದರು. ಎರಡು ಪುಟ ಓದಿ ಓರಗಿತ್ತಿಯ ಮನೆಯ ಹತ್ತಿರ ಬಂದಾಗ ನಕ್ಕುಬಿಟ್ಟರು.

ಮೂರು ತಿಂಗಳು ಸಿಕ್ಕಿತು. ಮೂವರೂ ಉಳಿದೆವು, ಫೋನಕ್ಕನೂ ಉಳಿದರು. 'ಮುಖ್ಯಸ್ಥೆ' ಎಂಬುದು ಮಾತ್ರ ಜೂನ್‌ವರೆಗೆ ಇಲ್ಲ. ನ್ಯಾಯವೇ. ಸಂಜೆ ಸ್ಟೂಲು ಹತ್ತಿ ಬಾಗಿಲಿನ ಹಲಗೆಯನ್ನು ನಾನೇ ಬಿಚ್ಚಿದೆ. ಫೋನಕ್ಕ ನಮ್ಮ ಕೋಣೆಗೆ ಬರಲು ಒಪ್ಪಲಿಲ್ಲ, ಫೋನಿರುವ ಕಡೆಯೇ ಕೂರುತ್ತೇನೆ ಎಂದರು. ಹಾಗಾಗಿ ನಾವು ಮೂವರೂ ಮೇಜು ಎತ್ತಿಕೊಂಡು ಅವರ ಮೂಲೆಗೆ ಹೋದೆವು. ಗದ್ದಲ ಬಹಳ.

ಏಪ್ರಿಲ್ 22, ಮಂಗಳವಾರ

ಹಸಿರು ವೃತ್ತ ಉಳಿದಿದೆ, ಅದರ ಕೆಳಗೆ ಮೇಸ್ತ್ರಿಯ ಅಂಕಿಗಳು. ಊರುಗೋಲಿನಂಥ ಏಳನ್ನು ಹಾಗೆಯೇ ಬಿಟ್ಟಿದ್ದೇವೆ. ಕರೆ ಮೂವತ್ತೈದಕ್ಕೆ ಬಂದಿದೆ. ಸಾವಿರದ ಐನೂರು ಈಗಲೂ ಆಗುತ್ತದೆ ಎಂದೇ ನನ್ನ ನಂಬಿಕೆ, ಸ್ವಲ್ಪ ತಡವಾಗಿ.

ಮಧ್ಯಾಹ್ನ ಅಕ್ಕ ಚಿತ್ರಗಾರನ ಮಗಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು. ಫೋನು ಬಂತು, ನಾನೇ ಎತ್ತಿದೆ. ವಯಸ್ಸಾದ ಗಂಡಸಿನ ದನಿ.

"ಯಾರ ಮನೇಲಿ ನೋಡಿದ್ರಿ?" ಎಂದೆ.

"ಮಗಳ ಮನೆಗೆ ಬಂದಿದ್ದೀನಮ್ಮಾ. ಮೇಲಿನ ಮನೇಲಿ ಒಬ್ಬರು ಅಜ್ಜಿ ಇದ್ದಾರೆ, ಅವರು ತೋರಿಸಿದ್ರು. ನಂಬರ್ ಒಂಚೂರು ಸೊಟ್ಟಗಿತ್ತು, ಸರಿಯಾಗಿದ್ಯಾ ಅಂತ ಕೇಳ್ದೆ. ಅದಕ್ಕೆ ಅವರು, 'ಬರ್ಕೊಳ್ಳಿ, ಧೈರ್ಯವಾಗಿ ಬರ್ಕೊಳ್ಳಿ. ನನ್ನ ಸೊಸೆ ಬರೆದಿರೋ ನಂಬರು. ತಾನೇ ಹತ್ತಿ ನೋಡದೆ ಅವಳು ಬರೆಯೋಳಲ್ಲ' ಅಂದ್ರು. ನನಗೆ ಎರಡು ಕಳಿಸಿ."

ವಿಳಾಸ ಎರಡು ಸಲ ಕೇಳಬೇಕಾಯಿತು. ಮೊದಲ ಸಲ ಕೇಳಿಸಿದರೂ ಬರೆದುಕೊಳ್ಳಲಾಗಲಿಲ್ಲ.

ಹನ್ನೆರಡನೆಯ ಪುಸ್ತಕದಲ್ಲಿ ತುಂಬಿದೆ. ಎಷ್ಟು: ಎರಡು. ಯಾಕೆ: ಬಲ್ಬು ಹಾಕಲು. ನೋಡಿದ್ದು ಎಲ್ಲಿ: ಒಬ್ಬ ಅಜ್ಜಿಯ ಹತ್ತಿರ. ಸಂಜೆ ಅಕ್ಕ ಬಂದು ಕನ್ನಡಕ ಏರಿಸಿ ಓದಿದರು. "ಯಾವ ಅಜ್ಜಿ? ಹೀಗೆಲ್ಲ ಬರೆದ್ರೆ ಆಗಲ್ಲ ತಂಗಿ. ಯಾರು ಏನು ಅಂತ ಸರಿಯಾಗಿ ಬರಿ."

ಹೊಡೆದು ಹಾಕಿ ಮತ್ತೆ ಬರೆದೆ: ನನ್ನ ಅತ್ತೆಯ ಹತ್ತಿರ.